ಮಂಡಿನೋವಿದ್ದರೆ ಫೈವ್ ಗಾರ್ಡನ್ಸ್ ನಡಿಗೆಯೋ, ಈಜುಕೊಳವೋ?

ಮುಂಬೈನ ಮಾಟುಂಗಾದ ನಮ್ಮವರಿಗೆ ಫೈವ್ ಗಾರ್ಡನ್ಸ್ ಉದ್ಯಾನ ಸುತ್ತುವುದು ಸುಲಭ. ದುಡ್ಡು ಬೇಡ, ಒಳ್ಳೆಯ ಶೂ ಇದ್ದರೆ ಸಾಕು. ಆದರೆ ಮಂಡಿ ಊದಿದ ದಿನ ಅರ್ಧ ಸುತ್ತಿಗೇ ಕೂರಲು ಜಾಗ ಹುಡುಕಬೇಕಾಗುತ್ತದೆ.

ನೀರಿನಲ್ಲಿ ಹಾಗಲ್ಲ. ಎದೆಮಟ್ಟದ ನೀರಿನಲ್ಲಿ ಕಾಲಿನ ಮೇಲಿನ ಭಾರ ಸುಮಾರು ಮೂರನೇ ಒಂದು ಭಾಗಕ್ಕಿಳಿಯುತ್ತದೆ. ಈಜು ಬರದಿದ್ದರೂ ಪರವಾಗಿಲ್ಲ, ಅಂಚಿನ ಕಂಬಿ ಹಿಡಿದು ನಡೆದರೂ ತೊಡೆ ಗಟ್ಟಿಯಾಗುತ್ತದೆ. ಕಪ್ಪೆಯಂತೆ ಕಾಲೊದೆಯುವ ಈಜು ಮಾತ್ರ ಬೇಡ, ಮಂಡಿ ತಿರುಚಿದಂತಾಗುತ್ತದೆ. ನಮ್ಮಮ್ಮ ಸ್ಟೇಷನ್ ಸೇತುವೆಯ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರುತ್ತಿದ್ದರು. ಮೂರು ತಿಂಗಳು ನೀರಿನಲ್ಲಿ ನಡೆದ ಮೇಲೆ ಕಂಬಿ ಹಿಡಿದು ಸರಾಗವಾಗಿ ಹತ್ತಿದರು.

ತೂಕ ಇಳಿಯಲು ಎರಡರ ಜೊತೆಗೂ ತಟ್ಟೆಯಲ್ಲಿನ ಊಟ ನೋಡಿಕೊಳ್ಳಲೇಬೇಕು. 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಗೆ ಸುಮಾರು 4 ಕಿಲೋ ಭಾರ ಕಡಿಮೆ. ದೊಡ್ಡ ಲಾಭ ಅಲ್ವಾ?

ನೋವು ಜಾಸ್ತಿಯಿದ್ದರೆ ಕೊಳವನ್ನೇ ಆರಿಸಿ. ಬರೀ ಬಿಗಿತವಿದ್ದರೆ ನಡಿಗೆ ಸಾಕು.