ಪುಣೆಯಲ್ಲಿ ಹಳೆಯ ಸಾಠೇಖತದ ತಕರಾರು: ಐಜಿಆರ್ ಹುಡುಕಾಟ ಎಷ್ಟು ಕೆಲಸಕ್ಕೆ ಬರುತ್ತದೆ?

ಮಹಾರಾಷ್ಟ್ರ ನೋಂದಣಿ ಇಲಾಖೆಯ (ಐಜಿಆರ್) ಉಚಿತ ಆನ್‌ಲೈನ್ ಹುಡುಕಾಟಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು, ಮುರಿದುಬಿದ್ದ ಸಾಠೇಖತವನ್ನು, ಅಂದರೆ ಖರೀದಿ ಕರಾರನ್ನು, ಪತ್ತೆಹಚ್ಚುವ ಮಟ್ಟಿಗೆ. ಅದನ್ನು ದಾಖಲೆಯಿಂದ ತೆಗೆಸುವ ಕೆಲಸಕ್ಕೆ ಸೊನ್ನೆ. ಅಲ್ಲಿ ಅಂಥ ಸೌಲಭ್ಯವೇ ಇಲ್ಲ, ಇರುವಂತೆಯೂ ಇಲ್ಲ.

ಊರಲ್ಲಿ ಕರ್ನಾಟಕದ ಕಾವೇರಿ ಜಾಲತಾಣದಿಂದ ಇಸಿ (ಋಣಭಾರ ಪತ್ರ) ತೆಗೆದು ರೂಢಿಯಾದವರಿಗೆ ಇಲ್ಲಿ ಸಿಗುವುದು ಇಂಡೆಕ್ಸ್-2, ಅಂದರೆ ನೋಂದಾಯಿತ ದಸ್ತಾವೇಜಿನ ಸಾರಾಂಶ. ಜಿಲ್ಲೆ, ತಾಲೂಕು, ಗ್ರಾಮ, ಗಟ್ ನಂಬರ್ (ಜಮೀನಿನ ತುಂಡಿನ ಸಂಖ್ಯೆ) ತುಂಬಬೇಕು. ಒಂದು ಸಲಕ್ಕೆ ಒಂದೇ ವರ್ಷ. ಗಣಕೀಕರಣಕ್ಕೆ ಮುಂಚಿನ ದಸ್ತುಗಳಿಗೆ (ದಸ್ತಾವೇಜುಗಳಿಗೆ) ಉಪನೋಂದಣಾಧಿಕಾರಿ ಕಚೇರಿಯಲ್ಲಿ ಶುಲ್ಕ ಕಟ್ಟಿ ಪುಸ್ತಕವನ್ನೇ ನೋಡಬೇಕು. ಹೆಸರಿನ ಮೇಲೆ ಹುಡುಕುವುದನ್ನು ನಂಬಬೇಡಿ. ಹಿರೇಮಠ, ಶೆಟ್ಟರ್, ಬಡಿಗೇರ ಇವೆಲ್ಲ ದೇವನಾಗರಿಗೆ ಹೋಗುವಾಗ ಯಾವ ರೂಪ ತಾಳಿವೆಯೋ ಹೇಳಲಾಗದು. ಗಟ್ ಈಚೆಗೆ ಒಡೆದಿದ್ದರೆ 112/2 ಎಂದಷ್ಟೇ ಅಲ್ಲ, ಮೂಲದ 112 ಹಾಕಿಯೂ ನೋಡಿ. ಹಳೆಯ ಕರಾರು ಮೂಲ ನಂಬರಿನಲ್ಲೇ ಕೂತಿರುತ್ತದೆ.

ಸಿಕ್ಕಿತು ಅನ್ನಿ. ಇಂಡೆಕ್ಸ್-2ರಿಂದ ಅದನ್ನು ಯಾರೂ ಅಳಿಸುವುದಿಲ್ಲ. ಮಾಡಬಹುದಾದದ್ದು ರದ್ದುಪತ್ರ ನೋಂದಾಯಿಸಿ ಅದರ ಪಕ್ಕಕ್ಕೆ ಇನ್ನೊಂದು ನಮೂದು ತರುವುದು. "ಪೂರ್ತಿ ಡಿಲೀಟ್ ಮಾಡಿಸಿಕೊಡ್ತೀವಿ" ಎನ್ನುವ ಏಜೆಂಟರಿಗೆ ಮುಂಗಡ ಕೊಡುವ ಮುಂಚೆ ಇದು ನೆನಪಿರಲಿ.

ರದ್ದುಪತ್ರದಲ್ಲಿ ಮೂಲ ದಸ್ತಿನ ನಂಬರ್, ವರ್ಷ, ಕಚೇರಿ, ಗಟ್, ಹೆಕ್ಟೇರ್-ಆರ್ ಲೆಕ್ಕದ ಕ್ಷೇತ್ರ, ಪಡೆದ ಇಸಾರದ (ಮುಂಗಡದ) ಮೊತ್ತ, ಅದನ್ನು ಮರಳಿಸಿದ ಚೆಕ್ ಅಥವಾ ಯುಟಿಆರ್ (ಬ್ಯಾಂಕ್ ವರ್ಗಾವಣೆ) ನಂಬರ್, ಕಬ್ಜಾ ಕೊಟ್ಟಿರಲಿಲ್ಲ ಎಂಬ ಸಾಲು ಇಷ್ಟೂ ಬರಬೇಕು. ಕಬ್ಜಾ ಕೊಟ್ಟಿದ್ದರೆ ಮುದ್ರಾಂಕ ಶುಲ್ಕದ ಲೆಕ್ಕವೇ ಬೇರೆ; ಅದನ್ನು ಮುಚ್ಚಿಟ್ಟು ಬರೆಸಬೇಡಿ. ಖರೀದಿದಾರರು ಮೂವರಿದ್ದರೆ ಮೂವರ ಸಹಿಯೂ ಬೇಕು, ಒಬ್ಬರು ತೀರಿಹೋಗಿದ್ದರೆ ವಾರಸುದಾರರೆಲ್ಲರದು. ಬಹಳ ಜನ ಎಡವುವುದು ಮಾತ್ರ ಕುಲಮುಖತ್ಯಾರಪತ್ರದಲ್ಲಿ: ಸಾಠೇಖತದ ದಿನವೇ ನೋಂದಾಯಿಸಿದ ಈ ಅಧಿಕಾರಪತ್ರ ಕರಾರಿನ ಜೊತೆ ತಾನೇ ಸಾಯುತ್ತದೆ ಎಂದುಕೊಳ್ಳುತ್ತಾರೆ. ಅದಕ್ಕೂ ಬೇರೆಯೇ ರದ್ದುಪತ್ರ ಮಾಡಿಸಿ. ಇಲ್ಲವಾದರೆ ಬ್ಯಾಂಕಿನ ವಕೀಲರ ಸರ್ಚ್ ರಿಪೋರ್ಟಿನಲ್ಲಿ ಅದೇ ಆಕ್ಷೇಪವಾಗಿ ಬರುತ್ತದೆ.

ಖರೀದಿದಾರ ಸಿಗದಿದ್ದರೆ, ಸಿಕ್ಕೂ ಸಹಿಗೆ ಒಪ್ಪದಿದ್ದರೆ, ಮಾಲೀಕನೊಬ್ಬನೇ ಬರೆದ ರದ್ದುಪತ್ರ ಖರೀದಿದಾರನನ್ನು ಕಟ್ಟಿಹಾಕುವುದಿಲ್ಲ. ಖರೀದಿ ಮಾಡಿಕೊಡು ಎಂದು ಆತ ದಾವೆ ಹೂಡಲು ಕಾಲಮಿತಿ ಕಾಯ್ದೆಯ 54ನೇ ವಿಧಿಯಲ್ಲಿ ಮೂರು ವರ್ಷ. ಕರಾರಿನಲ್ಲಿ ಗಡುವಿದ್ದರೆ ಆ ದಿನದಿಂದ, ಇಲ್ಲದಿದ್ದರೆ ನಿರಾಕರಣೆ ಗೊತ್ತಾದ ದಿನದಿಂದ ಎಣಿಕೆ. ಗಡುವಿಲ್ಲದ ಕರಾರೇ ಅಪಾಯಕಾರಿ, ಯಾಕೆಂದರೆ ಎಣಿಕೆ ಶುರುವಾಯಿತೇ ಎಂಬುದೇ ವಾದದ ವಸ್ತು. ಮೂರು ವರ್ಷ ಕಳೆದಿದ್ದರೂ ನಮೂದು ತಾನಾಗಿ ಹೋಗದು. ಸಿವಿಲ್ ಕೋರ್ಟಿನ ಘೋಷಣೆ ಬೇಕಾಗುತ್ತದೆ. ಮೊದಲು ಇ-ಕೋರ್ಟ್ಸ್ ಜಾಲತಾಣದಲ್ಲಿ ಇಬ್ಬರ ಹೆಸರಲ್ಲೂ ದಾವೆ ಬಾಕಿ ಇದೆಯೇ ನೋಡಿ.

ಸಾತ್‌ಬಾರಾದ (ಜಮೀನಿನ ಕಂದಾಯ ದಾಖಲೆ, ಊರಿನ ಪಹಣಿಯಂಥದ್ದು) ಮಾತು ಬೇರೆ. ಸಾಠೇಖತದಿಂದ ಮಾಲೀಕತ್ವ ಬದಲಾಗದು, ಆದರೂ ಕೆಲವು ಉತಾರಗಳ (ಅದರ ಪ್ರತಿಗಳ) 'ಇತರ ಹಕ್ಕು' ಕಾಲಮ್ಮಿನಲ್ಲಿ ಅದರ ಉಲ್ಲೇಖ ಉಳಿದಿರುತ್ತದೆ. ರದ್ದುಪತ್ರದ ಪ್ರತಿ ಅಥವಾ ಡಿಕ್ರಿಯ ದೃಢೀಕೃತ ಪ್ರತಿ ಲಗತ್ತಿಸಿ ತಲಾಠಿಗೆ (ಗ್ರಾಮದ ಕಂದಾಯ ಅಧಿಕಾರಿ) ಅರ್ಜಿ ಕೊಟ್ಟರೆ ಫೇರ್‌ಫಾರ್ (ಬದಲಾವಣೆಯ ನಮೂದು) ಹಾಕಿ ನೋಟಿಸ್ ಹೊರಡಿಸುತ್ತಾರೆ. ಆಕ್ಷೇಪಕ್ಕೆ 15 ದಿನ, ಆಮೇಲೆ ಮಂಡಲ ಅಧಿಕಾರಿಯ ಪ್ರಮಾಣೀಕರಣ. ನೋಟಿಸು ಬಿತ್ತೇ ಎಂದು 'ಆಪಲೀ ಚಾವಡಿ' ಜಾಲತಾಣದಲ್ಲಿ ಕೂತಲ್ಲಿಂದಲೇ ನೋಡಬಹುದು. ಈ ಇಡೀ ವ್ಯವಹಾರದಲ್ಲಿ ನಿಜಕ್ಕೂ ಮೆಚ್ಚುವಂಥ ಸೇವೆ ಇದೇ. ನಮೂದು ತಿರಸ್ಕೃತವಾದರೆ ಪ್ರಾಂತ ಅಧಿಕಾರಿಗೆ (ಉಪವಿಭಾಗಾಧಿಕಾರಿ) 60 ದಿನದೊಳಗೆ ಮೇಲ್ಮನವಿ. ಜಾಗ ಸಿಟಿ ಸರ್ವೇ ವ್ಯಾಪ್ತಿಯದಾದರೆ ತಲಾಠಿಯ ಬದಲು ನಗರ ಭೂಮಾಪನ ಕಚೇರಿಗೆ ಹೋಗಿ, ಪ್ರಾಪರ್ಟಿ ಕಾರ್ಡ್ ಇರುವುದು ಅಲ್ಲಿ.