ಉದ್ಯೋಗ ಹುಡುಕಾಟಕ್ಕೆ ಲಿಂಕ್ಡ್‌ಇನ್: ಎಲ್ಲಿ ಉಪಯುಕ್ತ, ಎಲ್ಲಿ ಅಲ್ಲ

2003ರಲ್ಲಿ ಆರಂಭಗೊಂಡು 2016ರಲ್ಲಿ ಮೈಕ್ರೋಸಾಫ್ಟ್ ತೆಕ್ಕೆಗೆ ಸೇರಿದ ಲಿಂಕ್ಡ್‌ಇನ್ ಅನ್ನು ಹಲವರು ಕೇವಲ ಅರ್ಜಿ ಹಾಕುವ ತಾಣವಾಗಿ ಬಳಸುತ್ತಾರಾದರೂ ಅದರ ನಿಜವಾದ ಬಲ ಇರುವುದು ಪರಿಚಯಗಳ ಜಾಲದಲ್ಲಿ. ಹೊಸ ಕೆಲಸದ ಸುದ್ದಿ ಆಪ್ತರಿಗಿಂತ ದೂರದ ಪರಿಚಯಸ್ಥರಿಂದಲೇ ಹೆಚ್ಚಾಗಿ ಬರುತ್ತದೆಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ವಾದಿಸಿದ್ದರು. ಈ ತಾಣದ ಸುಮಾರು 2 ಕೋಟಿ ಬಳಕೆದಾರರನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೀರಾ ಗಟ್ಟಿಯೂ ಅಲ್ಲದ, ತೀರಾ ತೆಳುವೂ ಅಲ್ಲದ ನಂಟುಗಳೇ ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾಗುತ್ತವೆಂದು ಕಂಡುಕೊಂಡಿತು. ಆದ್ದರಿಂದಲೇ, ಹಳೆಯ ಸಹೋದ್ಯೋಗಿಯೊಬ್ಬರು ಈಗ ಎಲ್ಲಿದ್ದಾರೆಂದು ತಿಳಿದು ಅವರಿಗೊಂದು ಚಿಕ್ಕ, ನೇರವಾದ ಸಂದೇಶ ಬರೆಯಲು ಇಲ್ಲಿರುವ ಅನುಕೂಲವನ್ನು ನಾನು ಉಳಿದೆಲ್ಲ ಸೌಲಭ್ಯಗಳಿಗಿಂತ ಮೇಲಿಡುತ್ತೇನೆ.

ತಾಣದಲ್ಲೇ ಕೆಲವೇ ಕ್ಲಿಕ್‌ಗಳಲ್ಲಿ ಅರ್ಜಿ ಸಲ್ಲಿಸುವ ‘ಈಸಿ ಅಪ್ಲೈ’ ಬಗ್ಗೆ ನನಗೆ ಅಂಥ ಒಲವಿಲ್ಲ. ನಮಗೆ ಸುಲಭವಾದದ್ದು ಎಲ್ಲ ಸ್ಪರ್ಧಿಗಳಿಗೂ ಅಷ್ಟೇ ಸುಲಭ.

ಕೆಲಸ ಹುಡುಕುತ್ತಿದ್ದೇವೆಂದು ತಿಳಿಸುವ ‘ಓಪನ್ ಟು ವರ್ಕ್’ ಸೂಚನೆಯನ್ನು ಎಲ್ಲರಿಗೂ ಅಥವಾ ನೇಮಕಾತಿ ಮಾಡುವವರಿಗೆ ಮಾತ್ರ ಕಾಣುವಂತೆ ಇಡಬಹುದು. ಈಗಾಗಲೇ ನೌಕರಿಯಲ್ಲಿರುವವರಿಗೆ ಎರಡನೆಯದೇ ಲೇಸು, ಆದರೂ ಸಂಪೂರ್ಣ ಗೋಪ್ಯತೆಯ ಭರವಸೆಯನ್ನು ಲಿಂಕ್ಡ್‌ಇನ್ ಕಂಪನಿಯೇ ಕೊಡುವುದಿಲ್ಲ. ಹಣ ತೆತ್ತು ಪಡೆಯುವ ಪ್ರೀಮಿಯಂ ಚಂದಾ, ತೀವ್ರವಾಗಿ ಹುಡುಕುತ್ತಿರುವ ತಿಂಗಳುಗಳಿಗೆ ಮಾತ್ರ ತಕ್ಕುದು.

ಮುಖಪುಟದಲ್ಲಿ ಹರಿಯುವ ಬಡ್ತಿಯ ಘೋಷಣೆಗಳಿಂದ (ಅವುಗಳಲ್ಲಿ ವಿನಯದ ಸೋಗೇ ಹೆಚ್ಚು) ಯಾವ ಸಂಸ್ಥೆಯಲ್ಲಿ ಕೆಲಸ ತೃಪ್ತಿ ಕೊಡುತ್ತದೆಂದು ತಿಳಿಯುವುದಿಲ್ಲ. ಅದಕ್ಕೆ ಆ ಸಂಸ್ಥೆಯನ್ನು ಬಿಟ್ಟವರನ್ನೇ ಕೇಳಬೇಕು. ಹಿಂದಿನ ಕಂಪನಿಯ ಹೆಸರಿನಿಂದ ಜನರನ್ನು ಸೋಸಿ ಹುಡುಕುವ ಸೌಲಭ್ಯ ಉಚಿತ ಖಾತೆಯಲ್ಲೂ ಇದೆ.