ಮಡಿಕೇರಿಯಲ್ಲಿ ಶಾಲೆ, ಬೀದಿದೀಪ: ಯಾರ ಮೂಲಕ ಕೇಳುವುದು?

ಸರ್ಕಾರಿ ಶಾಲೆಯ ಚಾವಣಿ ಸೋರುತ್ತಿದ್ದರೆ ಮೊದಲು ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಅಭಿವೃದ್ಧಿ ಯೋಜನೆ ಬರೆಯುವುದೂ ಅದರದೇ ಕೆಲಸ. ಖರ್ಚು ಅರ್ಜಿಯ ಕಾಗದದಷ್ಟೇ. ಆದರೆ ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ಕೂಲಿಗೆ ಹೋಗುವ ತಾಯಂದಿರು ಸಭೆಗೆ ಬರುವುದು ಕಷ್ಟ.

ಕತ್ತಲ ಬೀದಿ, ಕುಡುಕರ ಕಾಟ ಎಂದರೆ ದೇವಸ್ಥಾನ, ಚರ್ಚ್, ಮಸೀದಿಗಳ ಒಕ್ಕೂಟವೇ ಮೇಲು. ಭಾನುವಾರ ಚರ್ಚಿನ ಬಲಿಪೂಜೆ, ಶುಕ್ರವಾರದ ನಮಾಜು ಮುಗಿದಾಗ ಜನ ಹೇಗೂ ಅಂಗಳದಲ್ಲೇ ಇರುತ್ತಾರೆ, ಕೊಡೆ ಬಿಡಿಸುತ್ತಾ. ಸಹಿ ಹಾಕಿಸಲು ಹತ್ತು ನಿಮಿಷ ಸಾಕು. ಎಸ್‌ಡಿಎಂಸಿಯಂತಲ್ಲದೆ, ಮಕ್ಕಳು ಶಾಲೆ ಮುಗಿಸಿದರೂ ಈ ಗುಂಪು ಕರಗುವುದಿಲ್ಲ. ತೊಡಕು ಒಂದೇ: ಮೊದಲ ಸಭೆ ಯಾರ ಅಂಗಳದಲ್ಲಿ? ಸರದಿ ಹಾಕಿಕೊಳ್ಳಿ, ಇಲ್ಲದಿದ್ದರೆ ಮಡಿಕೇರಿ ದಸರಾದಲ್ಲಿ ದೇವಸ್ಥಾನಗಳ ಮಂಟಪಗಳ ನಡುವಿನ ಪೈಪೋಟಿ ಇಲ್ಲಿಗೂ ಬರುತ್ತದೆ.